ಮೆಂಬ್ರೇನಸ್ ನೆಫ್ರೋಪತಿ: ಕೆಲವು ತಿಂಗಳು ಕಾದು ನೋಡೋಣ ಎಂದು ವೈದ್ಯರು ಹೇಳುವುದೇಕೆ?

ಪ್ರಶ್ನೆ: ಕಾಲು ಊದಿಕೊಂಡು ಮೂತ್ರದಲ್ಲಿ ವಿಪರೀತ ನೊರೆ ಕಾಣಿಸಿದ್ದರಿಂದ ಪರೀಕ್ಷೆ ಮಾಡಿಸಿದೆ. ಮೆಂಬ್ರೇನಸ್ ನೆಫ್ರೋಪತಿ ಎಂದು ತಿಳಿಯಿತು. ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಮಟ್ಟ ಸರಿಯಾಗಿದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೂತ್ರಪಿಂಡದ ಮೇಲೆ ತಿರುಗಿಬೀಳುವ ಕಾಯಿಲೆ ಇದು ಎನ್ನುತ್ತಾರೆ. ಆದರೂ ಅದನ್ನು ಹತ್ತಿಕ್ಕುವ ಔಷಧವನ್ನು ಈಗಲೇ ಕೊಡದೆ ಆರು ತಿಂಗಳು ನೋಡೋಣ ಎಂದಿದ್ದಾರೆ. ಕಾಯುತ್ತಾ ಕುಳಿತರೆ ಕಿಡ್ನಿ ಹಾಳಾಗುವುದಿಲ್ಲವೇ?

ಉತ್ತರ: ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಚಿಕಿತ್ಸೆ ಪಡೆಯದಿದ್ದರೂ ಈ ಕಾಯಿಲೆಯುಳ್ಳವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದು ತಾನಾಗಿಯೇ ಶಮನವಾಗುತ್ತದೆ. ಇನ್ನು ಮೂರನೇ ಒಂದು ಭಾಗದವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಲೇ ಇದ್ದರೂ ಮೂತ್ರಪಿಂಡದ ಕೆಲಸ ಬಹುಕಾಲ ಕುಂದುವುದಿಲ್ಲ. ಉಳಿದವರಲ್ಲಿ ಮಾತ್ರ ವರ್ಷಗಳು ಕಳೆದಂತೆ ಮೂತ್ರಪಿಂಡ ಸೋಲುವ ಹಂತ ತಲುಪುತ್ತದೆ. ರೋಗಿ ಯಾವ ಗುಂಪಿಗೆ ಸೇರುತ್ತಾರೆ ಎಂಬುದು ಮೊದಲ ದಿನವೇ ತಿಳಿಯುವುದಿಲ್ಲ. ಕ್ರಿಯಾಟಿನಿನ್ ಸರಿಯಾಗಿರುವಾಗ ಕೆಲವು ತಿಂಗಳು ಕಾಯುವುದು, ತಾನಾಗಿಯೇ ವಾಸಿಯಾಗಬಹುದಾದವರಿಗೆ ಭಾರವಾದ ಔಷಧಗಳ ತೊಂದರೆಯನ್ನು ತಪ್ಪಿಸಲೆಂದೇ ಹೊರತು ನಿರ್ಲಕ್ಷ್ಯದಿಂದಲ್ಲ.

ಇದು ಅರ್ಥವಾಗಬೇಕಾದರೆ ಒಳಗೆ ಏನಾಗುತ್ತಿದೆ ಎಂದು ತಿಳಿಯಬೇಕು. ಪ್ರತಿ ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳಿರುತ್ತವೆ. ಆ ನಾಳಗಳನ್ನು ಹೊರಗಿನಿಂದ ಪೋಡೋಸೈಟ್ ಎಂಬ ಜೀವಕೋಶಗಳು ಬೆರಳು ಹೆಣೆದಂತೆ ಆವರಿಸಿಕೊಂಡು, ಪ್ರೋಟೀನ್ ಹೊರಹೋಗದಂತೆ ತಡೆಯುತ್ತವೆ. ಇವುಗಳ ಮೇಲಿರುವ ಪಿಎಲ್‌ಎ2ಆರ್ ಎಂಬ ಪ್ರೋಟೀನಿನ ವಿರುದ್ಧ ದೇಹವೇ ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂಬುದು 2009ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ಬೇರೆ ಕಾರಣಗಳಿಲ್ಲದೆ ಬರುವ ಮೆಂಬ್ರೇನಸ್ ನೆಫ್ರೋಪತಿಯಲ್ಲಿ ಶೇಕಡಾ 70ರಿಂದ 80ರಷ್ಟು ಜನರಲ್ಲಿ ಈ ಪ್ರತಿಕಾಯವೇ ಇರುತ್ತದೆ. ಅದು ಸೋಸುವ ಪೊರೆಯ ಹೊರಬದಿಯಲ್ಲಿ ಕಚ್ಚಿಕೊಂಡು ಕುಳಿತಂತೆ ಪೋಡೋಸೈಟ್‌ಗಳು ಘಾಸಿಗೊಳ್ಳುತ್ತವೆ, ಪೊರೆ ದಪ್ಪವಾಗುತ್ತದೆ, ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಇಳಿಯುವುದು, ಮೈ ಊದಿಕೊಳ್ಳುವುದು, ಕೊಲೆಸ್ಟರಾಲ್ ಏರುವುದು ಇವೆಲ್ಲವೂ ಆ ಸೋರಿಕೆಯ ಬೆನ್ನಿಗೇ ಬರುತ್ತವೆ.

ಈ ಪ್ರತಿಕಾಯವನ್ನು ಈಗ ರಕ್ತ ಪರೀಕ್ಷೆಯಲ್ಲಿಯೇ ಅಳೆಯಬಹುದಾದ್ದರಿಂದ ಕೆಲವರಿಗೆ ಬಯಾಪ್ಸಿಯ, ಅಂದರೆ ಮೂತ್ರಪಿಂಡದ ಚಿಕ್ಕ ಚೂರನ್ನು ತೆಗೆದು ಪರೀಕ್ಷಿಸುವ, ಅಗತ್ಯವೂ ಬೀಳುವುದಿಲ್ಲ. ಆದರೆ ಕಾಯಿಲೆಗೆ ಬೇರೆ ಮೂಲವಿದೆಯೇ ಎಂದು ಹುಡುಕುವ ಕೆಲಸವನ್ನು ಬಿಡುವಂತಿಲ್ಲ. ಹೆಪಟೈಟಿಸ್ ಬಿ ಸೋಂಕು, ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರ್, ದೀರ್ಘಕಾಲ ನುಂಗಿದ ನೋವು ನಿವಾರಕ ಮಾತ್ರೆಗಳು, ಪಾದರಸ ಬೆರೆತ ಚರ್ಮ ಬಿಳಿಯಾಗಿಸುವ ಕ್ರೀಮುಗಳು, ಇವುಗಳಲ್ಲಿ ಯಾವುದರಿಂದಲೂ ಇದೇ ಚಿತ್ರ ಮೂಡಬಹುದು. ಮುಖಕ್ಕೆ ಹಚ್ಚುವ ಕ್ರೀಮನ್ನು ಯಾರೂ ಔಷಧವೆಂದು ಭಾವಿಸದ ಕಾರಣ ವೈದ್ಯರಿಗೆ ಅದರ ವಿಷಯ ಹೇಳುವುದೂ ಇಲ್ಲ. ದಯವಿಟ್ಟು ಹೇಳಿ. ಅದೇ ಕಾರಣವಾಗಿದ್ದರೆ ಅದನ್ನು ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗುತ್ತದೆ.

ಕಾಯುವ ತಿಂಗಳುಗಳಲ್ಲಿಯೂ ಚಿಕಿತ್ಸೆ ನಡೆದೇ ಇರುತ್ತದೆ. ರಾಮಿಪ್ರಿಲ್ ಅಥವಾ ಲೊಸಾರ್ಟನ್‌ನಂತಹ ಔಷಧಗಳು ರಕ್ತದೊತ್ತಡವನ್ನೂ ಪ್ರೋಟೀನ್ ಸೋರಿಕೆಯನ್ನೂ ತಗ್ಗಿಸುತ್ತವೆ. ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ, ಕೊಲೆಸ್ಟರಾಲ್‌ಗೆ ಸ್ಟಾಟಿನ್ ಕೊಡುತ್ತಾರೆ. ದಿನಕ್ಕೆ ಒಟ್ಟು 5 ಗ್ರಾಂ ಮೀರದಂತೆ ಉಪ್ಪನ್ನು ಇಳಿಸಿದರೆ ಈ ಔಷಧಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದದ್ದು ರಕ್ತ ಹೆಪ್ಪುಗಟ್ಟುವ ಅಪಾಯ. ಮೂತ್ರಪಿಂಡದ ಕಾಯಿಲೆಗೂ ರಕ್ತನಾಳದಲ್ಲಿ ಗಡ್ಡೆ ಕಟ್ಟುವುದಕ್ಕೂ ನಂಟಿದೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನುಗಳೂ ಮೂತ್ರದಲ್ಲಿ ಸೋರಿಹೋಗುವುದರಿಂದ, ರಕ್ತದ ಆಲ್ಬುಮಿನ್ ಡೆಸಿಲೀಟರಿಗೆ 2.5 ಗ್ರಾಂಗಿಂತ ಕೆಳಗಿಳಿದಾಗ ಕಾಲಿನ ಅಥವಾ ಮೂತ್ರಪಿಂಡದ ರಕ್ತನಾಳದಲ್ಲಿ ಗಡ್ಡೆ ಕಟ್ಟಿ, ಅದು ಶ್ವಾಸಕೋಶಕ್ಕೆ ಸಾಗುವ ಸಾಧ್ಯತೆ ಹೆಚ್ಚುತ್ತದೆ. ಅಂಥವರಿಗೆ ಹೆಪ್ಪುಗಟ್ಟದಂತೆ ತಡೆಯುವ ಔಷಧ ಬೇಕೇ ಎಂದು ವೈದ್ಯರು ತೂಗಿ ನೋಡುತ್ತಾರೆ. ಒಂದೇ ಕಾಲು ಹಠಾತ್ತನೆ ಊದಿ ನೋಯತೊಡಗಿದರೆ, ಪಕ್ಕೆಯಲ್ಲಿ ತೀವ್ರ ನೋವು ಬಂದು ಮೂತ್ರ ಕೆಂಪಾದರೆ, ಇಲ್ಲವೇ ಏಕಾಏಕಿ ಉಸಿರುಗಟ್ಟಿದಂತಾದರೆ ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಎಲ್ಲರಿಗೂ ಕಾಯುವ ಅವಕಾಶವಿಲ್ಲ. ಕ್ರಿಯಾಟಿನಿನ್ ಏರತೊಡಗಿದರೆ, ಊತವಾಗಲೀ ಗಡ್ಡೆಯಾಗಲೀ ಜೀವಕ್ಕೆ ಸಂಚಕಾರ ತರುವಂತಿದ್ದರೆ, ಅಥವಾ ಪ್ರತಿಕಾಯದ ಮಟ್ಟ ಬಹಳ ಹೆಚ್ಚಿದ್ದು ಇಳಿಯುವ ಸೂಚನೆಯನ್ನೇ ತೋರದಿದ್ದರೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಚಿಕಿತ್ಸೆಯನ್ನು ಮುಂದೂಡುವುದಿಲ್ಲ. ಇಲ್ಲಿ ಸ್ಟೀರಾಯ್ಡ್ ಒಂದನ್ನೇ ಕೊಟ್ಟರೆ ಪ್ರಯೋಜನವಾಗುವುದಿಲ್ಲ. ಅದನ್ನು ಸೈಕ್ಲೋಫಾಸ್ಫಮೈಡ್ ಎಂಬ ಪ್ರಬಲ ಔಷಧದ ಜೊತೆಗೆ ಒಂದೊಂದು ತಿಂಗಳು ಬದಲಿಸುತ್ತಾ ಆರು ತಿಂಗಳು ಕೊಡುವ ಹಳೆಯ ಕ್ರಮ ಇಂದಿಗೂ ಪರಿಣಾಮಕಾರಿಯೇ ಆಗಿದೆ. ಆದರೆ ಸೋಂಕು, ಸಂತಾನಶಕ್ತಿಗೆ ಧಕ್ಕೆ, ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆ ಇವು ಅದರ ಬೆನ್ನಿಗಿರುವುದರಿಂದ, ಅಪಾಯ ಹೆಚ್ಚಿರುವವರಿಗಾಗಿ ಅದನ್ನು ಕಾಯ್ದಿರಿಸುವುದೇ ಸರಿ ಎಂದು ನನಗನಿಸುತ್ತದೆ. ಪ್ರತಿಕಾಯ ತಯಾರಿಕೆಗೆ ಮೂಲವಾದ ಬಿ ಜೀವಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್ ಚುಚ್ಚುಮದ್ದು ಈಗ ಹಲವರಿಗೆ ಮೊದಲ ಆಯ್ಕೆಯಾಗಿದೆ. 2019ರಲ್ಲಿ ಪ್ರಕಟವಾದ ಮೆಂಟರ್ ಅಧ್ಯಯನದಲ್ಲಿ 130 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಿಟುಕ್ಸಿಮ್ಯಾಬ್, ಇನ್ನೊಂದಕ್ಕೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಮತ್ತೊಂದು ಔಷಧವಾದ ಸೈಕ್ಲೋಸ್ಪೋರಿನ್ ಕೊಡಲಾಯಿತು. ಎರಡು ವರ್ಷಗಳ ಕೊನೆಗೆ ಮೊದಲ ಗುಂಪಿನ ಶೇಕಡಾ 60 ಜನರಲ್ಲಿ ಕಾಯಿಲೆ ಪೂರ್ತಿಯಾಗಿ ಅಥವಾ ಭಾಗಶಃ ಶಮನವಾಗಿತ್ತು, ಎರಡನೆಯದರಲ್ಲಿ ಶೇಕಡಾ 20 ಜನರಲ್ಲಿ ಮಾತ್ರ. ಮೊದಲ ವರ್ಷದ ಕೊನೆಗೆ ಇಷ್ಟು ಅಂತರವಿರಲಿಲ್ಲ. ಸೈಕ್ಲೋಸ್ಪೋರಿನ್ ನಿಲ್ಲಿಸಿದ ಮೇಲೆ ಅನೇಕರಲ್ಲಿ ಕಾಯಿಲೆ ಮರುಕಳಿಸಿತು. ರಿಟುಕ್ಸಿಮ್ಯಾಬ್ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಏಕೆಂದರೆ ಸುಪ್ತವಾಗಿದ್ದ ವೈರಸ್ ಈ ಔಷಧದಿಂದ ಮತ್ತೆ ತಲೆಯೆತ್ತಬಹುದು.

ಚಿಕಿತ್ಸೆ ಆರಂಭವಾದ ಮೇಲೆ, ತಿಂಗಳೆರಡು ತಿಂಗಳಾದರೂ ಮೂತ್ರದ ಪ್ರೋಟೀನ್ ಇಳಿಯಲಿಲ್ಲವೆಂದು ಅನೇಕರು ಎದೆಗುಂದುತ್ತಾರೆ. ರಕ್ತದಲ್ಲಿ ಪ್ರತಿಕಾಯ ಮೊದಲು ಇಳಿಯುತ್ತದೆ. ಘಾಸಿಗೊಂಡ ಪೊರೆ ದುರಸ್ತಿಯಾಗಿ ಸೋರಿಕೆ ತಗ್ಗಲು ಅದಾದ ಮೇಲೆ ತಿಂಗಳುಗಳೇ ಬೇಕಾಗುತ್ತವೆ. ಹೀಗಾಗಿ ಪಿಎಲ್‌ಎ2ಆರ್ ವಿರುದ್ಧದ ಪ್ರತಿಕಾಯ ಇರುವವರು ಮೂತ್ರ ಪರೀಕ್ಷೆಯೊಂದಿಗೆ ಪ್ರತಿಕಾಯದ ಅಳತೆಯನ್ನೂ ಕೆಲವು ತಿಂಗಳಿಗೊಮ್ಮೆ ಮಾಡಿಸಿ, ಎರಡೂ ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡೇ ವೈದ್ಯರೊಂದಿಗೆ ಮಾತನಾಡುವುದು ಒಳ್ಳೆಯದು.