ಎರಡು ಚಿತ್ರಗಳ ನಡುವೆ ಅಡಗಿರುವ ಎತ್ತರ

ಡ್ರೋನ್ ಅಂದ ಕೂಡಲೇ ನಮಗೆ ನೆನಪಾಗುವುದು ಮದುವೆ ಮನೆಯ ಮೇಲೆ ಗುಂಯ್‌ಗುಡುವ ಕ್ಯಾಮೆರಾ. ಮೇಲಿನಿಂದ ಫೋಟೊ ತೆಗೆದರೆ ನಕ್ಷೆ ಸಿದ್ಧ ಎಂದುಕೊಂಡವರು ಬಹಳ ಮಂದಿ. ನೆರೆ ಹಾವಳಿಯ ವಿಷಯದಲ್ಲಿ ಈ ತಪ್ಪುಕಲ್ಪನೆ ಅಪಾಯಕಾರಿ. ಒಂದೇ ಫೋಟೊ ಎಷ್ಟೇ ಸ್ಪಷ್ಟವಾಗಿರಲಿ, ನೆಲದ ಏರುತಗ್ಗು ಅದರಲ್ಲಿ ಸಿಗುವುದಿಲ್ಲ. ನೀರು ಹರಿಯುವುದೋ ಏರುತಗ್ಗು ನೋಡಿಕೊಂಡೇ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಜಿಗಿಯುತ್ತದೆ, ಹಿಂದಿನ ಗೋಡೆ ಅಷ್ಟು ಕದಲುವುದಿಲ್ಲ. ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಬದಿಯ ಮರ ಸರ್ರನೆ ಹಿಂದೋಡುತ್ತದೆ, ದೂರದ ಬೆಟ್ಟ ನಮ್ಮ ಜೊತೆಗೇ ಬರುತ್ತದೆ. ಡ್ರೋನ್ ನಂಬಿರುವುದೂ ಇದನ್ನೇ. ಹೊಲ ಉಳುವ ಎತ್ತಿನಂತೆ ಸಾಲು ಹಿಡಿದು ಹೋಗಿ ಬರುತ್ತಾ, ಒಂದು ಚಿತ್ರದ ಹೆಚ್ಚುಪಾಲು ಮುಂದಿನದರಲ್ಲೂ ಬರುವಂತೆ ಕ್ಲಿಕ್ಕಿಸುತ್ತದೆ. ಎರಡು ಚಿತ್ರ ಹೋಲಿಸಿದರೆ ಕ್ಯಾಮೆರಾಕ್ಕೆ ಹತ್ತಿರದ ಮಾಳಿಗೆ ಹೆಚ್ಚು ಸರಿದಿರುತ್ತದೆ, ಅಂಗಳ ಕಡಿಮೆ. ಎಷ್ಟು ಸರಿದಿದೆ ಎಂದು ಅಳೆದರೆ ಎತ್ತರ ಕೈಗೆ ಸಿಕ್ಕಿತು!

1800ರಲ್ಲಿ ಬ್ರಿಟಿಷ್ ಸೇನಾಧಿಕಾರಿ, ಭೂಮಾಪಕ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. ಅಂಥ ಗೆರೆಯ ಎರಡು ತುದಿಗಳಿಂದ ಕೋನ ಹಿಡಿದರೆ, ಗುಡ್ಡದವರೆಗೆ ನಡೆಯದೆಯೇ ಅದರ ದೂರ ಲೆಕ್ಕ ಹಾಕಬಹುದು. ಡ್ರೋನಿನದೂ ಅದೇ ತ್ರಿಕೋನ. ಎರಡು ಕ್ಲಿಕ್ಕುಗಳ ನಡುವಿನ ಅಂತರವೇ ಇಲ್ಲಿ ಅಳತೆಗೆರೆ.

ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ ಮ್ಸಿಂಬಾಜಿ ನದಿ ಉಕ್ಕಿದರೆ ಮನೆಗಳು ಮುಳುಗುತ್ತವೆ. 2015ರಲ್ಲಿ ಅಲ್ಲಿ 'ರಮಾನಿ ಹುರಿಯಾ' ಎಂಬ ನಕ್ಷೆ ಯೋಜನೆ ಶುರುವಾಯಿತು. ಸ್ವಾಹಿಲಿಯಲ್ಲಿ ಹಾಗೆಂದರೆ ಮುಕ್ತ ನಕ್ಷೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಬಡಾವಣೆಯ ಜನರೂ ಕೂಡಿ ತಮ್ಮ ಓಣಿಗಳ ನಕ್ಷೆ ಮಾಡಿದರು. ಮರುವರ್ಷ ಅದೇ ದೇಶದ ದ್ವೀಪಸಮೂಹ ಜಾಂಜಿಬಾರ್‌ನಲ್ಲಿ ಸ್ಥಳೀಯ ವಿದ್ಯಾರ್ಥಿಗಳೇ ಡ್ರೋನ್ ಹಾರಿಸಲು ಕಲಿತು, ಉಂಗುಜಾ ಮತ್ತು ಪೆಂಬಾ ದ್ವೀಪಗಳ ಮೇಲೆ ಸಾಲು ಹೊಡೆದರು. ಎರಡು ದ್ವೀಪಗಳೂ ಸೇರಿದರೆ 2,300 ಚದರ ಕಿಲೋಮೀಟರಿಗೂ ಹೆಚ್ಚು.

ಪರಿಣತರ ತಂಡವೊಂದು ಬಂದು ಹಾರಿಸಿ ಹೋದರೆ ಸಾಲದೇ? ಸಾಲದು. ತೆಂಗಿನ ತೋಪಿನ ಮೇಲೆ ಹಾರಿದರೆ ಸಿಗುವುದು ಗರಿಗಳ ಎತ್ತರ, ನೆಲದ್ದಲ್ಲ. ಗಾಳಿಗೆ ಅಲ್ಲಾಡುವ ಎಲೆ, ಹೊಳೆಯುವ ನೀರು ಎರಡು ಚಿತ್ರಗಳಲ್ಲಿ ಒಂದೇ ಥರ ಕಾಣುವುದಿಲ್ಲ, ಹಾಗಾಗಿ ಲೆಕ್ಕ ತಪ್ಪುತ್ತದೆ. ತಗಡಿನ ಮಾಡಿನಡಿ ಹಾದುಹೋಗುವ ಚರಂಡಿ, ಕಸ ಕಟ್ಟಿಕೊಂಡ ಮೋರಿ ಮೇಲಿನಿಂದ ಕಾಣುವುದೇ ಇಲ್ಲ. ಕಳೆದ ಮಳೆಯಲ್ಲಿ ನೀರು ಬಾಗಿಲಿನ ಎಷ್ಟು ಎತ್ತರಕ್ಕೆ ಬಂತೆಂದು ಆ ಮನೆಯವರನ್ನೇ ಕೇಳಬೇಕು, ಅದೂ ಅವರ ಭಾಷೆಯಲ್ಲಿ. ಮುಂದಿನ ಮಳೆಗಾಲದ ಹೊತ್ತಿಗೆ ಚರಂಡಿ ಬೇರೆ ಕಡೆ ತಿರುಗಿರುತ್ತದೆ, ಹೊಸ ಗೋಡೆ ಎದ್ದಿರುತ್ತದೆ. ಆಗ ಮತ್ತೆ ಹಾರಿಸಬೇಕು, ಮತ್ತೆ ಕೇಳಬೇಕು. ಆ ಹುಡುಗ ಹುಡುಗಿಯರು ಅಲ್ಲೇ ಇರುತ್ತಾರೆ.