ಡ್ರಿಲ್ ಹಾಕದೆ ಇಟ್ಟಿಗೆ ಗೋಡೆಗೆ ನೇಮ್‌ಪ್ಲೇಟ್: ಬಿದ್ದ ಮೇಲೆ ಬರೆದುಕೊಂಡ ಟಿಪ್ಪಣಿ

ಬೆಂಗಳೂರಿನ ಬಾಡಿಗೆ ಮನೆ. ಮುಂದಿನ ಗೋಡೆಗೆ ಪ್ಲಾಸ್ಟರ್ ಇಲ್ಲ, ಕೆಂಪು ಇಟ್ಟಿಗೆ ಹಾಗೇ ಕಾಣುತ್ತದೆ. ಓನರ್ ಹೇಳಿದ್ದು ಒಂದೇ ಮಾತು: ಗೋಡೆಗೆ ಡ್ರಿಲ್ ಹಾಕಬೇಡಿ. ಸರಿ ಅಂತ ಸ್ಟೀಲ್ ನೇಮ್‌ಪ್ಲೇಟಿನ ಹಿಂದೆ ಸಿಲಿಕಾನ್ ಬಳಿದು ಒತ್ತಿಬಿಟ್ಟೆ. ಮಳೆಗಾಲ ಮುಗಿಯುವ ಮೊದಲೇ ಬಿತ್ತು. ಎತ್ತಿ ತಿರುಗಿಸಿ ನೋಡಿದರೆ ಅಂಟು ಪ್ಲೇಟಿಗೆ ಗಟ್ಟಿಯಾಗಿ ಕೂತಿದೆ, ಅದರ ಮೇಲೆ ಇಟ್ಟಿಗೆಯ ಕೆಂಪು ಸಿಪ್ಪೆ! ಕೈ ಬಿಟ್ಟಿದ್ದು ಇಟ್ಟಿಗೆ. ಅಂಗಡಿಯಲ್ಲಿ ನಾವು ಕೇಳೋದು "ಯಾವ ಅಂಟು ಸ್ಟ್ರಾಂಗ್" ಅಂತ, ಕೇಳಬೇಕಾದದ್ದು ಗೋಡೆಯ ಮೇಲ್ಮೈ ಎಷ್ಟು ಗಟ್ಟಿ ಅಂತ.

ಮೊದಲು ತೂಕದ ಭಯ ಬಿಡಿ. 300 × 150 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಪ್ಲೇಟು ಅಂದರೆ 90 ಘನ ಸೆಂ.ಮೀ. ಸ್ಟೀಲ್ ಆದರೆ ಸುಮಾರು 720 ಗ್ರಾಂ, ಅಲ್ಯೂಮಿನಿಯಂ ಆದರೆ 243 ಗ್ರಾಂ. ಇದನ್ನು ಹೊರೋದು ಯಾವ ಒಳ್ಳೆಯ ಅಂಟಿಗೂ ಕಷ್ಟವಲ್ಲ.

ಕಷ್ಟ ಇರುವುದು ಇಟ್ಟಿಗೆಯಲ್ಲಿ. ಅದು ನೀರು ಕುಡಿಯುತ್ತದೆ. ಸಾಮಾನ್ಯ ದರ್ಜೆಯ ಇಟ್ಟಿಗೆ 24 ಗಂಟೆ ನೀರಲ್ಲಿ ನೆನೆದರೆ ತನ್ನ ತೂಕದ ಶೇ. 20ರವರೆಗೆ ಹೀರಬಹುದು ಎಂದು ಇಟ್ಟಿಗೆಗಳ ಭಾರತೀಯ ಮಾನದಂಡ ಐಎಸ್ 1077 ತಾನೇ ಒಪ್ಪುತ್ತದೆ, ಅಂದರೆ 3 ಕೆಜಿ ಇಟ್ಟಿಗೆಯೊಳಗೆ 600 ಗ್ರಾಂ ನೀರು. ಆ ನೀರು ಆರುವಾಗ ಒಳಗಿನ ಉಪ್ಪನ್ನು ಹೊರಗೆ ತಂದು ಬಿಳಿ ಪುಡಿಯಾಗಿ ಬಿಡುತ್ತದೆ, ಜೊತೆಗೆ ಮೇಲಿನ ಪದರವನ್ನೂ ಸಡಿಲ ಮಾಡುತ್ತದೆ. ಇದರ ಮೇಲೆ ಅಂಟು ಹಾಕಿದರೆ ಅದು ಹಿಡಿಯೋದು ಪುಡಿಯನ್ನು. ಕೆಲವು ಮನೆಗಳಲ್ಲಿ ಹೊಳಪಿಗೆ ಅಂತ ಕ್ಲಿಯರ್ ಕೋಟ್ ಬಳಿದಿರುತ್ತಾರೆ. ಆಗ ಅಂಟು ಹಿಡಿಯೋದು ಆ ಕೋಟನ್ನು, ಅದು ಎದ್ದ ದಿನ ಪ್ಲೇಟೂ ಎದ್ದಿತು.

ಹಾಗಾಗಿ ಎರಡು ಪರೀಕ್ಷೆ ಮಾಡಿ. ಗಟ್ಟಿ ಅಂಟಿನ ಪ್ಯಾಕಿಂಗ್ ಟೇಪನ್ನು ಗೋಡೆಗೆ ಒತ್ತಿ ಕಿತ್ತು ನೋಡಿ. ಟೇಪು ಕೆಂಪಾದರೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಧೂಳು ಒರೆಸಿ, ಮತ್ತೆ ಟೇಪ್ ಹಾಕಿ. ಆಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಒಳಗೆ ಹೋಗದೆ ಮಣಿಯ ಹಾಗೆ ನಿಂತರೆ ಯಾರೋ ಏನೋ ಬಳಿದಿದ್ದಾರೆ ಅಂತ ಅರ್ಥ. ಎರಡೆರಡು ಸಲ ಉಜ್ಜಿದರೂ ಪುಡಿ ಬರುತ್ತಲೇ ಇದ್ದರೆ ಆ ಗೋಡೆಗೆ ಅಂಟಿನ ಆಸೆ ಬಿಟ್ಟುಬಿಡಿ.

ಇನ್ನು ಬಿಸಿಲಿನ ಲೆಕ್ಕ. ನನಗೆ ಇದೇ ಇಷ್ಟವಾದ ಭಾಗ, ಪಿಯುಸಿ ಭೌತಶಾಸ್ತ್ರ ಕೊನೆಗೂ ಮನೆ ಬಾಗಿಲಿಗೆ ಬಂತಲ್ಲ ಅಂತ! ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ 17, ಇಟ್ಟಿಗೆ ಬರೀ 6ರ ಆಸುಪಾಸು. ಬೆಳಗಿಗೂ ಮಧ್ಯಾಹ್ನಕ್ಕೂ ಪ್ಲೇಟು, ಗೋಡೆಗಳ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. 300 ಮಿ.ಮೀ. ಅಲ್ಯೂಮಿನಿಯಂ ಪ್ಲೇಟು ಇಟ್ಟಿಗೆಗಿಂತ 0.2 ಮಿ.ಮೀ. ಜಾಸ್ತಿ ಉದ್ದ ಆಗುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ಕೂದಲೆಳೆಯಷ್ಟು ಅನ್ನಬಹುದು, ಆದರೆ ದಿನಾ ನಡೆಯುತ್ತದೆ. ಅರಾಲ್ಡೈಟ್ ತರಹದ ಗಡುಸು ಎಪಾಕ್ಸಿ ಬಗ್ಗುವುದಿಲ್ಲ, ಎಳೆತವನ್ನೆಲ್ಲ ಇಟ್ಟಿಗೆಯ ಸಿಪ್ಪೆಗೆ ದಾಟಿಸುತ್ತದೆ. ರಬ್ಬರಿನ ಹಾಗೆ ಎಳೆದರೆ ಬರುವ ಅಂಟು, 2-3 ಮಿ.ಮೀ. ದಪ್ಪಕ್ಕೆ ಇದ್ದರೆ ಆ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಅದಕ್ಕೇ ಪ್ಲೇಟನ್ನು ಗೋಡೆಗೆ ಅಪ್ಪಚ್ಚಿಯಾಗುವಂತೆ ಒತ್ತಬಾರದು.

ಸಿಲಿಕಾನ್‌ನಲ್ಲೂ ಎರಡು ಜಾತಿ. ವಿನೆಗರ್ ವಾಸನೆ ಬರುವುದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಹಿತ್ತಾಳೆ, ತಾಮ್ರ ತಿನ್ನುತ್ತದೆ, ಗಾರೆಯ ಸುಣ್ಣದೊಂದಿಗೂ ಜಗಳ ಆಡುತ್ತದೆ. ನಾನು ತಂದಿದ್ದು ಅದೇ, ಅಗ್ಗಕ್ಕೆ ಸಿಕ್ಕಿತ್ತು. ಡಬ್ಬಿಯ ಮೇಲೆ ನ್ಯೂಟ್ರಲ್ ಅಂತ ಇರುವುದು ತನ್ನಿ, ಅದು ಈ ಆಮ್ಲ ಬಿಡುವುದಿಲ್ಲ. ಇಲ್ಲವೇ ಎಂಎಸ್ ಪಾಲಿಮರ್ ತನ್ನಿ, ಅದೂ ರಬ್ಬರಿನ ಹಾಗೆ ಬಗ್ಗುವ ಇನ್ನೊಂದು ಬಗೆಯ ಅಂಟು.

ನನ್ನ ಇನ್ನೊಂದು ತಪ್ಪು, ಹಿಂದೆ ಪೂರ್ತಿ ಬಳಿದಿದ್ದು. ಈ ಅಂಟುಗಳು ಗಾಳಿಯ ತೇವ ತೆಗೆದುಕೊಂಡು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತವೆ, ದಿನಕ್ಕೆ ಸುಮಾರು 2-3 ಮಿ.ಮೀ. ನನ್ನ ಪ್ಲೇಟಿನ ನಡುಭಾಗ ಅಂಚಿನಿಂದ 75 ಮಿ.ಮೀ. ಒಳಗೆ. ಇಟ್ಟಿಗೆ ಕಡೆಯಿಂದ ಸ್ವಲ್ಪ ತೇವ ಬಂದರೂ ಅಲ್ಲಿ ತಿಂಗಳಾದರೂ ಹಸಿಯೇ ಇರಬಹುದು, ಅಲ್ವಾ? ಅದರ ಬದಲು ಮೇಲಿಂದ ಕೆಳಕ್ಕೆ ಮೂರು-ನಾಲ್ಕು ಉದ್ದ ಪಟ್ಟಿ ಎಳೆಯಿರಿ, ನಡುವೆ ಜಾಗ ಬಿಡಿ. ಅಡ್ಡ ಪಟ್ಟಿ ಬೇಡ, ಮಳೆ ನೀರು ಅದರ ಮೇಲೆ ನಿಲ್ಲುತ್ತದೆ. ಪ್ಲೇಟಿನ ಹಿಂಬದಿಯನ್ನು ಎಮರಿ ಪೇಪರ್‌ನಲ್ಲಿ ಗೀಚಿ ಸ್ಪಿರಿಟ್‌ನಲ್ಲಿ ಒರೆಸಿರಿ. ಎರಡು ದಿನ ಟೇಪಿನ ಆಸರೆ ಕೊಡಿ. ಸುಮ್ನೆ ಮುಟ್ಟಿ ಮುಟ್ಟಿ ನೋಡಬೇಡಿ.

ಡಬಲ್ ಸೈಡ್ ಟೇಪು ಗಾಜಿಗೆ, ಟೈಲಿಗೆ ಚೆನ್ನ. ಒರಟು ಇಟ್ಟಿಗೆಯಲ್ಲಿ ಅದು ಮುಟ್ಟುವುದು ಉಬ್ಬುಗಳನ್ನು ಮಾತ್ರ. ಇಟ್ಟಿಗೆಯ ಮೇಲೆ-ಕೆಳಗೆ ಕಚ್ಚಿಕೊಳ್ಳುವ ಸ್ಪ್ರಿಂಗ್ ಕ್ಲಿಪ್ ವಿದೇಶದಲ್ಲಿ ಸಿಗುತ್ತದೆ, ಗಾರೆ ಸ್ವಲ್ಪ ಒಳಗಿದ್ದರೆ ಮಾತ್ರ ಕೂರುತ್ತದೆ. ಬ್ರಿಟನ್ನಿನ ಇಟ್ಟಿಗೆ 65 ಮಿ.ಮೀ. ಎತ್ತರ, ನಮ್ಮ ಮಾಡ್ಯುಲರ್ (ಮಾನದಂಡದ ಅಳತೆಯ) ಇಟ್ಟಿಗೆ 90. ತರಿಸುವ ಮೊದಲು ಅಳೆಯಿರಿ.

ಒಂದು ಮಾತು ಓನರ್‌ಗೂ ಹೇಳಿದೆ. ಎರಡು ಇಟ್ಟಿಗೆ ನಡುವಿನ ಗಾರೆಯಲ್ಲಿ 6 ಮಿ.ಮೀ. ತೂತು ಕೊರೆದರೆ ನಾಳೆ ಒಂದು ಚಿಟಿಕೆ ಸಿಮೆಂಟಿನಲ್ಲಿ ಮುಚ್ಚಬಹುದು. ಅಂಟು ಕಿತ್ತರೆ ಇಟ್ಟಿಗೆಯ ಮುಖವೇ ಹೋಗುತ್ತದೆ, ಅದನ್ನು ಮುಚ್ಚುವುದು ಯಾವುದರಿಂದ? ಅವರು ಒಪ್ಪಲಿಲ್ಲ. ಈಗ ನ್ಯೂಟ್ರಲ್ ಸಿಲಿಕಾನ್ ಪಟ್ಟಿಗಳ ಮೇಲೆ ಹೊಸದಾಗಿ ಅಂಟಿಸಿದ್ದೇನೆ. ಮನೆ ಬಿಡುವಾಗ ಪ್ಲೇಟನ್ನು ಮೀಟಿ ಕೀಳುವುದಿಲ್ಲ, ಹಿಂದಿನ ಸಂದಿಗೆ ಮೀನಿನ ಗಾಳದ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಎಳೆದು ಅಂಟನ್ನು ಮಧ್ಯದಲ್ಲೇ ಕೊಯ್ಯಬೇಕು. ಗೋಡೆ ಮೇಲೆ ಉಳಿದ ರಬ್ಬರನ್ನು ಬ್ಲೇಡಿನಲ್ಲಿ ನಿಧಾನಕ್ಕೆ ಹೆರೆದರಾಯಿತು.