ಒಂದು ನಿಮಿಷ ಸುಮ್ನೆ ನೋಡಿ, ಡಾಕ್ಟ್ರೇ

ತಾಲ್ಲೂಕು ಆಸ್ಪತ್ರೆಗಳಿಂದ ಕಿರಿಯ ಡಾಕ್ಟರುಗಳು ಆಗಾಗ ಬಳ್ಳಾರಿಗೆ ನಮ್ಮ ವಾರ್ಡಿಗೆ ಬರುತ್ತಾರೆ, ಮಕ್ಕಳ ಉಸಿರಾಟದ ಕಾಯಿಲೆ ಕಲಿಯೋಕೆ. ಬಂದವರು ಮೊದಲು ಸ್ಟೆತಸ್ಕೋಪ್ ಕಿವಿಗೆ ಹಾಕುತ್ತಾರೆ. ನಾನು ಮೊದಲು ಅದನ್ನ ಇಸಿದುಕೊಂಡು ಮೇಜಿನ ಮೇಲಿಡುತ್ತೇನೆ.

ಮಗು ತಾಯಿಯ ತೊಡೆ ಮೇಲೆ ಇರಲಿ. ಅಂಗಿ ಮೇಲೆತ್ತಿ. ಮುಟ್ಟಬೇಡಿ. ತಣ್ಣನೆಯ ಸ್ಟೆತಸ್ಕೋಪ್ ತಾಗಿತೋ, ಅಳು ಶುರು. ಅಳುವ ಮಗುವಿನ ಉಸಿರು ಎಣಿಸಿ ಏನು ಪ್ರಯೋಜನ? ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಅಲಾರಂ ಇಟ್ಟು, ಕಣ್ಣು ಹೊಟ್ಟೆ ಮೇಲಿಟ್ಟು ಎಣಿಸಿ. ಇಪ್ಪತ್ತು ಸೆಕೆಂಡಿಗೇ ಹೆಚ್ಚಿನವರು ಸಾಕು ಮಾಡಿ ಮೂರರಿಂದ ಗುಣಿಸುತ್ತಾರೆ. ಕೂಸುಗಳು ಗಡಿಯಾರದ ಹಾಗೆ ಉಸಿರಾಡುವುದಿಲ್ಲ. ನಾಲ್ಕು ಸಲ ಬಿರಬಿರನೆ, ಆಮೇಲೆ ಸ್ವಲ್ಪ ತಡೆದು ಒಂದು. ಪೂರ್ತಿ ನಿಮಿಷ ಬೇಕೇ ಬೇಕು.

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಕೆಮ್ಮಿನ ಜೊತೆ ಇಷ್ಟು ಉಸಿರು ಕಂಡರೆ ನ್ಯುಮೋನಿಯಾ ಅಂತ ಅನುಮಾನಿಸಬೇಕು. ಈ ಲೆಕ್ಕ ಎಷ್ಟೋ ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ. ಡಾಕ್ಟರುಗಳೇ ಮರೆತಿರುತ್ತಾರೆ!

ಒಂದು ಸಲ ಸಿರುಗುಪ್ಪ ಕಡೆಯ ತಾಯಿಯೊಬ್ಬಳು, "ಮೇಡಂ, ರಾತ್ರಿಯಿಂದ ಪಕ್ಕಿ ಹೊಡ್ಕೊಳ್ಳಾಕತ್ತಾವ್ರಿ" ಅಂದಳು. ಉಸಿರು ಎಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದೆ ಅಂತ. ನನ್ನ ಜೊತೆಗಿದ್ದ ಟ್ರೇನಿ ಹುಡುಗ ಕೇಸ್ ಶೀಟಿನಲ್ಲಿ 'ಕೆಮ್ಮು, 3 ದಿನ' ಅಂತ ಬರೆದ. ಬೇರೆ ಕಡೆ ಓದಿ ಬಂದವನು, ಅವನಿಗೆ ಆ ಮಾತು ಗೊತ್ತಿರಲಿಲ್ಲ. ಆದರೆ ರೋಗ ಇದ್ದದ್ದೇ ಆ ಮಾತಿನಲ್ಲಿ. ಶ್ವಾಸಕೋಶ ಬಿಗಿಯಾದಾಗ ಮಗು ಜೋರಾಗಿ ಗಾಳಿ ಎಳೆಯಬೇಕಾಗುತ್ತದೆ. ಎಳೆಯ ಪಕ್ಕೆಲುಬು ಮೆತ್ತಗಿರುತ್ತದೆ, ಹಾಗಾಗಿ ಉಸಿರು ಎಳೆದಾಗ ಉಬ್ಬಬೇಕಾದ ಪಕ್ಕೆ ಒಳಕ್ಕೆ ಹೋಗುತ್ತದೆ. ಅಂಗಿ ಎತ್ತದೆ ಇದು ಕಾಣುವುದಿಲ್ಲ.

'ಗೊರಗೊರ' ಅನ್ನೋ ಪದ ಇನ್ನೂ ಕಷ್ಟ. ಕಟ್ಟಿದ ಮೂಗಿನ ಸದ್ದಿಗೂ ಅದೇ, ಎದೆಯೊಳಗಿನ ಸುಂಯ್ ಅನ್ನುವ ಸದ್ದಿಗೂ ಅದೇ. ನಾನು ಎರಡನ್ನೂ ಬಾಯಲ್ಲಿ ಮಾಡಿ ತೋರಿಸಿ, "ಯಾವುದವ್ವಾ, ಇದಾ, ಇದಾ?" ಅಂತ ಕೇಳುತ್ತೇನೆ. ಟ್ರೇನಿಗಳು ಮುಸಿಮುಸಿ ನಗುತ್ತಾರೆ. ನಗಲಿ. ಆಮೇಲೆ ಅವರಿಂದಲೂ ಮಾಡಿಸುತ್ತೇನೆ.

ಇನ್ನೊಂದು ಪ್ರಶ್ನೆ ನಾನು ಕಲಿತದ್ದು ತಪ್ಪು ಮಾಡಿ. ಓದುತ್ತಿದ್ದ ಕಾಲ. ಎರಡು ವರ್ಷದ ಹುಡುಗ, ಮೂರು ವಾರದಿಂದ ಕೆಮ್ಮು, ಒಂದೇ ಕಡೆ ಸುಂಯ್ ಸದ್ದು. ಎಕ್ಸ್‌ರೇ ಚೆನ್ನಾಗೇ ಇತ್ತು. ದಮ್ಮು ಅಂತ ತಿಳಿದು ಔಷಧಿ ಕೊಟ್ಟೆ. ವಾರ ಬಿಟ್ಟು ಮತ್ತೆ ಬಂದಾಗ ಜೊತೆಗೆ ಅಜ್ಜಿ ಬಂದಿದ್ದರು. "ಕಣದಾಗ ಶೇಂಗಾ ತಿನ್ನಾಗ ನೆತ್ತಿ ಹತ್ತಿತ್ರೀ, ಅವತ್ತಿಂದ ಹಿಂಗ" ಅಂದರು. ಶ್ವಾಸನಾಳದ ಒಳಗೆ ನೋಡುವ ಕೊಳವೆ, ಬ್ರಾಂಕೋಸ್ಕೋಪ್ ಇಳಿಸಿದಾಗ ಬಲಗಡೆ ಶ್ವಾಸನಾಳದಲ್ಲಿ ಅರ್ಧ ಶೇಂಗಾ ಬೀಜ ಕೂತಿತ್ತು.

ಶೇಂಗಾ ಬೀಜ ನಾಣ್ಯದ ಹಾಗೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಕಿರಣ ಅದರೊಳಗಿಂದ ಹಾದು ಹೋಗುತ್ತದೆ. ಉಸಿರು ಪೂರ್ತಿ ಬಿಟ್ಟಾಗ ತೆಗೆದ ಎಕ್ಸ್‌ರೇಯಲ್ಲಿ ಆ ಕಡೆಯ ಶ್ವಾಸಕೋಶ ಜಾಸ್ತಿ ಉಬ್ಬಿ ಕಪ್ಪಗೆ ಕಂಡರೆ ಸುಳಿವು ಸಿಗಬಹುದು. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲಾರದು. ಮೇಲಾಗಿ ಶೇಂಗಾ ಎಣ್ಣೆ ನಾಳದ ಒಳಪದರವನ್ನು ಕೆರಳಿಸಿ ಬಾವು ತರಿಸುತ್ತದೆ. ಶೇಂಗಾ ಬೆಳೆಯುವ ಸೀಮೆ ನಮ್ಮದು. "ಏನಾದ್ರೂ ತಿನ್ನಾಗ ನೆತ್ತಿ ಹತ್ತಿತ್ತಾ?" ಅಂತ ಕೇಳದೆ ಕೆಮ್ಮಿನ ಮಗುವನ್ನು ಕಳಿಸಬೇಡಿ. ಅಜ್ಜಿಯನ್ನೂ ಕೇಳಿ.

ಧೂಳು, ಹೊಗೆ ಬಗ್ಗೆ ಕೇಳೋದಂತೂ ಇದ್ದೇ ಇದೆ. ಸಂಡೂರಿನ ಅದಿರು ಧೂಳು, ಭತ್ತದ ಹುಲ್ಲು ಸುಟ್ಟ ಹೊಗೆ, ಹತ್ತಿ ಜಿನ್ನಿಂಗ್ ಕೆಲಸದಿಂದ ಅಪ್ಪ ಬಟ್ಟೆಯಲ್ಲಿ ತರುವ ನಾರು. ಕೂಸು ಮಲಗುವ ಜಾಗಕ್ಕೆ ಒಲೆ ಎಷ್ಟು ದೂರ ಅಂತಲೂ ಕೇಳಬೇಕು.

ಮಧ್ಯಾಹ್ನ ಇನ್ಹೇಲರ್ ಪಾಠ. "ಪಂಪ್ ಹಚ್ಚಿದ್ರ ಚಟ ಆಗ್ತೈತಿ" ಅನ್ನುವ ಮಾತು ಮನೆಮನೆಯಲ್ಲಿದೆ. ಕೆಲವು ಡಾಕ್ಟರುಗಳ ಮನಸ್ಸಿನಲ್ಲೂ ಇದೆ, ಸಿರಪ್ ಬರೆದು ಕೈ ತೊಳೆದುಕೊಳ್ಳುತ್ತಾರೆ. ಲೆಕ್ಕ ನೋಡಿ. ದಮ್ಮಿಗೆ ಕೊಡುವ ಸಾಲ್ಬ್ಯುಟಮಾಲ್ ಸಿರಪ್ 5 ಎಂಎಲ್‌ನಲ್ಲಿ 2 ಮಿಲಿಗ್ರಾಂ ಔಷಧಿ. ಇನ್ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಸಿರಪ್ ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ, ಪಫ್ ನೇರ ಎದೆಗೆ ಹೋಗುತ್ತದೆ.

ನೇರ ಹೋಗಬೇಕು ಅಂದರೆ ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಪೇಸರ್ ಬೇಕು, ಚಿಕ್ಕ ಮಕ್ಕಳಿಗೆ ಮಾಸ್ಕೂ ಬೇಕು. ಡಾಕ್ಟರ ಕೈಗೇ ಕೊಟ್ಟು ಮಾಡಿಸಿದರೆ ಬಣ್ಣ ಬಯಲಾಗುತ್ತದೆ. ಒಬ್ಬರು ಇನ್ಹೇಲರ್ ಅಲ್ಲಾಡಿಸುವುದಿಲ್ಲ. ಇನ್ನೊಬ್ಬರು ಮಾಸ್ಕ್ ಮೂಗಿನ ಮುಂದೆ ಹಿಡಿಯುತ್ತಾರೆ, ಮುಖಕ್ಕೆ ಒತ್ತುವುದಿಲ್ಲ. ಸ್ಪೇಸರನ್ನ ಬಟ್ಟೆಯಿಂದ ಒರೆಸಬಾರದು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಒರೆಸಿದರೆ ಪ್ಲಾಸ್ಟಿಕ್ಕಿಗೆ ಕರೆಂಟು ಹತ್ತಿದಂತಾಗಿ ಔಷಧಿ ಗೋಡೆಗೇ ಅಂಟುತ್ತದೆ. ಸೋಪಿನ ನೀರಲ್ಲಿ ಅದ್ದಿ ಗಾಳಿಗೆ ಒಣಗಿಸಿ, ಅಷ್ಟೇ. ಸ್ಪೇಸರ್ ಕೊಳ್ಳಲಾಗದವರಿಗೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರ್ ಬಾಯಿಯಷ್ಟೇ ತೂತು ಮಾಡಿ, ಸಂದಿ ಮುಚ್ಚಿ ಕೊಡಬಹುದು. ದಕ್ಷಿಣ ಆಫ್ರಿಕಾದ ಡಾಕ್ಟರುಗಳು ಇದನ್ನು 1999ರಲ್ಲೇ ಪರೀಕ್ಷಿಸಿ ತೋರಿಸಿದ್ದಾರೆ.

ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಮಕ್ಕಳ ಎಂಡಿ ಮೂರು. ಮಕ್ಕಳ ಶ್ವಾಸಕೋಶಕ್ಕೇ ಅಂತ ಡಿಎಂ ಇನ್ನೂ ಮೂರು. ಆದರೆ ರಾತ್ರಿ ಎರಡು ಗಂಟೆಗೆ ಮಸ್ಕಿಯಲ್ಲೋ ಕುಷ್ಟಗಿಯಲ್ಲೋ ಕೂಸನ್ನು ಎತ್ತಿಕೊಂಡು ಓಡಿ ಬಂದವರಿಗೆ ಸಿಗುವುದು ಹೆಚ್ಚಾಗಿ ಡ್ಯೂಟಿ ಡಾಕ್ಟರು. ಅವರ ಟ್ರೇನಿಂಗ್ ಅಂದರೆ ಏಸಿ ಹಾಲಿನಲ್ಲಿ ಎಂಬತ್ತು ಸ್ಲೈಡು, ಊಟ, ಸರ್ಟಿಫಿಕೇಟು, ಗ್ರೂಪ್ ಫೋಟೋ. ನಾನೂ ಅಂಥ ಕಡೆ ಪಾಠ ಮಾಡಿದ್ದೇನೆ. ಊಟ ಚೆನ್ನಾಗಿತ್ತು.

ಅದಕ್ಕೇ ಈಗ ವಾರ್ಡಿನಲ್ಲಿ ಎರಡು ದಿನ, ಆಮೇಲೆ ಫೋನು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಹೋದ ಬ್ಯಾಚಿನ ಹುಡುಗಿ ವಿಡಿಯೋ ಕಳಿಸಿದ್ದಳು. 'ಮೇಡಂ, 8 ತಿಂಗಳು, 56 ಎಣಿಸಿದೆ. ಪಕ್ಕೆ ಹೋಗುತ್ತಿದೆಯಾ ನೋಡಿ.' ನೋಡಿದೆ. ಕೂಸಿನ ಮೈಮೇಲೆ ಕೆಂಪು ಉಣ್ಣೆ ಸ್ವೆಟರು, ಗುಂಡಿ ಕತ್ತಿನವರೆಗೂ ಹಾಕಿತ್ತು.

'ಬಿಚ್ಚಿ ಮತ್ತೆ ಕಳಿಸು' ಅಂತ ಬರೆದೆ.